ಬೀಗದ ಕೈ ಪಕ್ಕದ ಮನೆಯಲ್ಲಿ

(ಮಂಗಳೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾಲ್ಕು ದಿನ ಮನೆ ಬಿಟ್ಟು ಹೋಗುವಾಗ ನಾವು ಏನು ಮಾಡುತ್ತೇವೆ? ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತೇವೆ. ‘ತುಳಸಿಗೆ ಒಂದು ಚೆಂಬು ನೀರು ಹಾಕಿ ಅಕ್ಕ’ ಅನ್ನುತ್ತೇವೆ. ಅವರು ನೀರು ಹಾಕುತ್ತಾರೆ, ಬಂದ ಕಾಗದ ಎತ್ತಿಡುತ್ತಾರೆ, ಸಂಜೆ ಒಂದು ಲೈಟ್ ಹಚ್ಚಿಡುತ್ತಾರೆ.

ಉತ್ತರ ಆಫ್ರಿಕಾದಲ್ಲಿ ನಾನು ನೋಡಿದ್ದು ಅದನ್ನೇ. ಆದರೆ ಅಲ್ಲಿ ಬೀಗದ ಕೈ ಕೊಟ್ಟವರು ಯಹೂದಿಗಳು. ಅವರು ಹೋಗಿ ಐವತ್ತು, ಅರವತ್ತು ವರ್ಷ ಆಗಿದೆ. ಬಹಳ ಮಂದಿ ವಾಪಸ್ ಬರಲೇ ಇಲ್ಲ. ಬೀಗದ ಕೈ ಮಾತ್ರ ಇನ್ನೂ ಪಕ್ಕದ ಮನೆಯವರ ಹತ್ತಿರವೇ ಇದೆ.

2024ರ ಅಕ್ಟೋಬರ್ ಕೊನೆಗೆ ನಾನು ಮತ್ತು ನನ್ನ ತಂಗಿ ಹೊರಟೆವು. ಮೊದಲು ಮೊರಾಕೊ, ಆಮೇಲೆ ಟುನೀಸಿಯಾ, ಕಡೆಗೆ ಈಜಿಪ್ಟ್. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಆ ಪುಸ್ತಕದಲ್ಲಿ ಉತ್ತರ ಆಫ್ರಿಕಾ ಅಂದರೆ ಸಹಾರಾ, ಅಟ್ಲಾಸ್ ಬೆಟ್ಟ, ನೈಲ್ ನದಿ, ಇಷ್ಟೇ. ಅಲ್ಲಿಗೆ ನನ್ನನ್ನು ಎಳೆದದ್ದು ಒಬ್ಬ ವ್ಯಾಪಾರಿ. ಅಲ್ಲಿಂದ ಹೊರಟು ನಮ್ಮ ಮಂಗಳೂರಿಗೆ ಬಂದು, ಸುಮಾರು 17 ವರ್ಷ ಇಲ್ಲಿ ಬದುಕಿದ ಒಬ್ಬ ಯಹೂದಿ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೊರಾಕೊದ ಫೆಸ್ ಪಟ್ಟಣಕ್ಕೆ ಹೋಗೋಣ.

ಫೆಸ್‌ನ ಹಳೆ ಊರಿನೊಳಗೆ ಕಾರು, ಬಸ್ಸು ಹೋಗುವುದಿಲ್ಲ. ಓಣಿಗಳು ಅಷ್ಟು ಕಿರಿದು. ಸಾಮಾನು ಹೊರುವುದೆಲ್ಲ ಹೇಸರಗತ್ತೆ. ಹಿಂದಿನಿಂದ ‘ಬಾಲಕ್, ಬಾಲಕ್’ ಅಂತ ಕೂಗು ಕೇಳಿದ ಕೂಡಲೇ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ದಾರಿ ಬಿಡಿ ಅಂತ ಅದರ ಅರ್ಥ. ಚರ್ಮ ಹದ ಮಾಡುವ ಜಾಗದ ವಾಸನೆ ಅರ್ಧ ಊರಿಗೆ ಬರುತ್ತದೆ. ಅಂಗಡಿಯವನು ಪುದೀನ ಸೊಪ್ಪು ಕೊಟ್ಟು, ಮೂಗಿಗೆ ಹಿಡಿದುಕೊಳ್ಳಿ ಅನ್ನುತ್ತಾನೆ. ಮೇಲಿನಿಂದ ನೋಡಿದರೆ ಬಣ್ಣದ ಹೊಂಡಗಳು, ಮೊಣಕಾಲುದ್ದ ಇಳಿದು ತುಳಿಯುವ ಜನ. ನೂರಾರು ವರ್ಷದಿಂದ ಅದೇ ಕೆಲಸ.

ಆ ಹಳೆ ಊರಿನ ಮನೆಗಳಿಗೆ ಬೀದಿಯ ಕಡೆ ಬರೀ ಗೋಡೆ. ಬೆಳಕು, ಗಾಳಿ ಎಲ್ಲ ಒಳಗಿನ ಅಂಗಳದಿಂದ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿಂದ ಸ್ವಲ್ಪ ಆಚೆ, ಅರಮನೆಯ ಪಕ್ಕದಲ್ಲಿ ಇನ್ನೊಂದು ಬೀದಿ ಇದೆ. ಅಲ್ಲಿ ಇದ್ದಕ್ಕಿದ್ದಂತೆ ಮನೆಗಳು ಬೀದಿಗೆ ಮುಖ ಮಾಡಿ ನಿಂತಿವೆ. ಎರಡೂ ಬದಿಗೆ ಮರದ ಕೆತ್ತನೆಯ ಬಾಲ್ಕನಿಗಳು. ಇದೇ ಮೆಲ್ಲಾ, ಅಂದರೆ ಯಹೂದಿಗಳ ಕೇರಿ. 1438ರಲ್ಲಿ ಫೆಸ್‌ನ ಯಹೂದಿಗಳನ್ನು ಇಲ್ಲಿಗೆ ಕಳಿಸಿದರು. ಅರಮನೆ ಪಕ್ಕದಲ್ಲಿದ್ದರೆ ರಕ್ಷಣೆ ಅನ್ನುವುದು ಒಂದು ಮಾತು. ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಹುದು ಅನ್ನುವುದು ಇನ್ನೊಂದು. ಎರಡೂ ನಿಜ ಅಂತ ನನಗೆ ಅನ್ನಿಸುತ್ತದೆ. ‘ಮೆಲ್ಲಾ’ ಅನ್ನುವ ಶಬ್ದ ಉಪ್ಪಿಗೆ ಸಂಬಂಧಿಸಿದ್ದು. ಆ ಜಾಗದ ಹಳೆ ಹೆಸರೇ ಅದು. ಮುಂದೆ ಮೊರಾಕೊದ ಬೇರೆ ಊರುಗಳ ಯಹೂದಿ ಕೇರಿಗೂ ಅದೇ ಹೆಸರು ಅಂಟಿಕೊಂಡಿತು.

ಆ ಕೇರಿಯೊಳಗೆ 17ನೇ ಶತಮಾನದ ಇಬ್ನ್ ದಾನಾನ್ ಸಿನಗಾಗ್ ಇದೆ, ಅಂದರೆ ಯಹೂದಿಗಳ ಪ್ರಾರ್ಥನೆಯ ಮನೆ. ಹೊರಗಿನಿಂದ ನೋಡಿದರೆ ಸಾಧಾರಣ ಬಾಗಿಲು. ನಾವು ಹೋದಾಗ ಬೀಗ ಹಾಕಿತ್ತು. ಎದುರಿನ ಅಂಗಡಿಯ ಹುಡುಗ ಜೋರಾಗಿ ಯಾರನ್ನೋ ಕರೆದ. ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುಸ್ಲಿಂ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದರು. ಅಡುಗೆ ಅರ್ಧಕ್ಕೆ ಬಿಟ್ಟು ಬಂದಿದ್ದರು ಅಂತ ಕಾಣುತ್ತದೆ, ಕೈಯಲ್ಲಿ ಈರುಳ್ಳಿ ವಾಸನೆ. ಜೇಬಿನಿಂದ ಕೀ ಗೊಂಚಲು ತೆಗೆದು ಬಾಗಿಲು ತೆರೆದರು.

ಒಳಗೆ ಹೋದ ಕೂಡಲೇ ಅವರು ಮೊದಲು ಮಾಡಿದ್ದು ಏನು ಗೊತ್ತಾ? ಒಂದು ಬಟ್ಟೆ ತೆಗೆದುಕೊಂಡು ಗೋಡೆ ಬದಿಯ ಮರದ ಬೆಂಚು ಒರೆಸಿದರು. ಆಮೇಲೆ ಕೂರಿ ಅಂತ ಕೈ ತೋರಿಸಿದರು. ನಮ್ಮ ಮನೆಗೆ ನೆಂಟರು ಬಂದಾಗ ನನ್ನ ಅಮ್ಮ ಮಾಡುತ್ತಿದ್ದದ್ದೇ ಹೀಗೆ. ಎದುರು ಗೋಡೆಯಲ್ಲಿ ಮರದ ದೊಡ್ಡ ಕಪಾಟು, ಅವರ ಧರ್ಮಗ್ರಂಥ ತೋರಾದ ಸುರುಳಿ ಇಡುವ ಜಾಗ. ಜಿಂಕೆ ಚರ್ಮದ ಮೇಲೆ ಬರೆದ ಸುರುಳಿ ಅಂತ ಹೇಳಿದರು. ಆಮೇಲೆ ಕೆಳಗೆ ಕಡಿದಾದ ಮೆಟ್ಟಿಲಲ್ಲಿ ಕರೆದುಕೊಂಡು ಹೋಗಿ, ಮಡಿ ಸ್ನಾನದ ಸಣ್ಣ ಕೊಳ ತೋರಿಸಿದರು. ಯಾವ ದಿನ ಏನು ಮಾಡುತ್ತಿದ್ದರು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಎಲ್ಲ ಅವರಿಗೆ ಗೊತ್ತು. ತಮ್ಮದಲ್ಲದ ದೇವರ ಮನೆಯ ವಿಷಯವನ್ನು ತಮ್ಮ ಮನೆಯ ವಿಷಯದ ಹಾಗೆ ಹೇಳುತ್ತಿದ್ದರು.

ಈ ಕಟ್ಟಡ ಬಹಳ ವರ್ಷ ಪಾಳು ಬಿದ್ದಿತ್ತು. 1990ರ ದಶಕದ ಕೊನೆಯಲ್ಲಿ ರಿಪೇರಿ ಮಾಡಿದರು. ಮಾಳಿಗೆ ಹತ್ತಿದರೆ ಯಹೂದಿಗಳ ಸ್ಮಶಾನ ಕಾಣುತ್ತದೆ. ಇಳಿಜಾರಿನ ಮೇಲೆ ಸುಣ್ಣ ಬಳಿದ ಗೋರಿಗಳು, ಸಾಲು ಸಾಲಾಗಿ, ಬಿಸಿಲಿಗೆ ಕಣ್ಣು ಕೋರೈಸುವಷ್ಟು ಬಿಳಿ. ಅಲ್ಲಿ ಸೋಲಿಕಾ ಅನ್ನುವ ಹುಡುಗಿಯ ಗೋರಿ ಇದೆ. ಟಾಂಜಿಯರ್ ಊರಿನವಳು. ಇಸ್ಲಾಂಗೆ ಸೇರಿ ಮತ್ತೆ ಬಿಟ್ಟಳು ಅಂತ ಅವಳ ಮೇಲೆ ಆರೋಪ ಹೊರಿಸಿದರು. ತಾನು ಯಹೂದಿಯಾಗಿಯೇ ಹುಟ್ಟಿದೆ, ಹಾಗೆಯೇ ಸಾಯುತ್ತೇನೆ ಅಂತ ಹಟ ಹಿಡಿದ ಹದಿಹರೆಯದ ಹುಡುಗಿಗೆ 1834ರಲ್ಲಿ ಮರಣದಂಡನೆ ಆಯಿತು. ಇವತ್ತು ಆ ಗೋರಿಗೆ ಮುಸ್ಲಿಂ ಹೆಂಗಸರೂ ಹರಕೆ ಹೊರುತ್ತಾರೆ. ‘ಲಲ್ಲಾ ಸೋಲಿಕಾ’ ಅನ್ನುತ್ತಾರೆ. ಲಲ್ಲಾ ಅಂದರೆ ಅಮ್ಮನವರು ಅನ್ನುವ ಹಾಗೆ. ಇದನ್ನು ಬಿಡದೆ ಹೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿನ ಬದುಕು ಬರೀ ಸಕ್ಕರೆ ಹಾಲು ಆಗಿರಲಿಲ್ಲ. ಯಹೂದಿಗಳು ವಿಶೇಷ ತೆರಿಗೆ ಕೊಡಬೇಕಿತ್ತು, ಎರಡನೇ ದರ್ಜೆಯವರಾಗಿ ಬಾಳಬೇಕಿತ್ತು. ಕೆಲವು ಸುಲ್ತಾನರ ಕಾಲದಲ್ಲಿ ನೆಮ್ಮದಿ, ಕೆಲವರ ಕಾಲದಲ್ಲಿ ಲೂಟಿ. ಅದರ ಮಧ್ಯೆಯೇ ನೆರೆಹೊರೆಯೂ ಇತ್ತು.

ಆ ನೆರೆಹೊರೆ ಹೇಗಿತ್ತು ಅನ್ನುವುದಕ್ಕೆ ಊಟದ ಮಾತು ಹೇಳುತ್ತೇನೆ. ಯಹೂದಿಗಳಿಗೆ ಶನಿವಾರ ಬೆಂಕಿ ಹಚ್ಚಬಾರದು. ಹಾಗಾಗಿ ಶುಕ್ರವಾರ ಸಂಜೆಯೇ ಕಡಲೆ, ಗೋಧಿ, ಬಟಾಟೆ, ಮಾಂಸ, ಸಿಪ್ಪೆ ಸಮೇತ ಮೊಟ್ಟೆ ಎಲ್ಲ ಒಂದೇ ಪಾತ್ರೆಗೆ ಹಾಕಿ, ಬಾಯಿ ಮುಚ್ಚಿ, ಬೀದಿಯ ಬ್ರೆಡ್ಡಿನ ಒಲೆಗೆ ಕಳಿಸುತ್ತಿದ್ದರು. ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೇಯುತ್ತಿತ್ತು. ಶನಿವಾರ ಮಧ್ಯಾಹ್ನ ಬಿಸಿ ಬಿಸಿ ಮನೆಗೆ ಬರುತ್ತಿತ್ತು. ಇದರ ಹೆಸರು ‘ಸ್ಖೀನಾ’, ಅಂದರೆ ಬಿಸಿಯಾದದ್ದು. ಇನ್ನೊಂದು, ಅವರ ಪಾಸ್ಕ ಹಬ್ಬ. ಎಂಟು ದಿನ ಮನೆಯಲ್ಲಿ ಹುಳಿ ಬರಿಸಿದ ಹಿಟ್ಟು ಇರಬಾರದು. ಹಬ್ಬ ಮುಗಿದ ರಾತ್ರಿ ಮುಸ್ಲಿಂ ನೆರೆಯವರು ಹಿಟ್ಟು, ಹಾಲು, ಜೇನು, ಬೆಣ್ಣೆ ತಂದು ಕೊಡುತ್ತಿದ್ದರು. ಅದರಲ್ಲೇ ವರ್ಷದ ಮೊದಲ ದೋಸೆಯಂಥ ರೊಟ್ಟಿ ಸುಡುತ್ತಿದ್ದರು. ಆ ರಾತ್ರಿಗೆ ಮಿಮೂನಾ ಅಂತ ಹೆಸರು. ಆ ದಿನ ಎಲ್ಲರ ಮನೆ ಬಾಗಿಲೂ ತೆರೆದೇ ಇರುತ್ತಿತ್ತಂತೆ.

ಫೆಸ್ ಬಿಟ್ಟು ಮರಾಕೆಶ್‌ಗೆ ರೈಲಿನಲ್ಲಿ ಹೋದೆವು. ಅಲ್ಲಿಂದ ಒಂದು ದಿನ ಅಟ್ಲಾಸ್ ಬೆಟ್ಟ ಹತ್ತಿದೆವು. ಟಿಜಿ ನ್ ಟಿಚ್ಕಾ ಘಾಟಿ, 2,260 ಮೀಟರ್ ಎತ್ತರ. ನಮ್ಮ ಶಿರಾಡಿ, ಚಾರ್ಮಾಡಿಯ ಹಸಿರು ಅಲ್ಲಿಲ್ಲ. ಕೆಂಪು ಬೆಟ್ಟ, ಕೆಂಪು ಮಣ್ಣಿನ ಮನೆ. ದೂರದಿಂದ ಬೆಟ್ಟ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಅಂತ ಹೇಳುವುದಕ್ಕೇ ಆಗುವುದಿಲ್ಲ. ಕಣಿವೆಯ ತಳದಲ್ಲಿ ಮಾತ್ರ ಒಂದು ಗೆರೆ ಹಸಿರು, ಅಕ್ರೋಟು ಮತ್ತು ಬಾದಾಮಿ ಮರಗಳು. ಇಂಥ ಬೆಟ್ಟದ ಹಳ್ಳಿಗಳಲ್ಲೂ ಯಹೂದಿಗಳಿದ್ದರು. ಆ ಬೆಟ್ಟದ ಜನರ ಬರ್ಬರ್ ಭಾಷೆ ಮಾತಾಡುತ್ತ, ಬೆಳ್ಳಿ ಕೆಲಸ ಮಾಡುತ್ತ, ಜೀನು ಹೊಲಿಯುತ್ತ, ಕತ್ತೆಯ ಮೇಲೆ ಸಾಮಾನು ಹೇರಿ ಊರೂರು ಮಾರುತ್ತ ಬದುಕುತ್ತಿದ್ದರು.

2023ರ ಸೆಪ್ಟೆಂಬರ್ 8ರ ರಾತ್ರಿ ಈ ಬೆಟ್ಟಗಳು ನಡುಗಿದವು. ಸುಮಾರು ಮೂರು ಸಾವಿರ ಜನ ಸತ್ತರು. ನಾವು ಹೋದಾಗಲೂ ಮರಾಕೆಶ್‌ನ ಮೆಲ್ಲಾದಲ್ಲಿ ಗೋಡೆಗಳಿಗೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದ್ದರು. ಅದರ ಮಧ್ಯೆ ಸ್ಲಾತ್ ಅಲ್ ಅಜಾಮಾ ಸಿನಗಾಗ್. ನೀಲಿ ಬಿಳಿ ಅಂಗಳ. 1492ರಲ್ಲಿ ಸ್ಪೇನಿನಿಂದ ಹೊರಗೆ ಹಾಕಿಸಿಕೊಂಡು ಬಂದವರ ಜೊತೆ ಇದರ ಹೆಸರು ಸೇರಿಕೊಂಡಿದೆ. ಆ ವರ್ಷ ಸ್ಪೇನಿನ ರಾಜ ರಾಣಿ, ಕ್ರೈಸ್ತರಾಗಿ ಇಲ್ಲವೇ ದೇಶ ಬಿಡಿ ಅಂದಾಗ ಸಾವಿರಾರು ಜನ ಸಮುದ್ರ ದಾಟಿ ಮೊರಾಕೊಗೆ ಬಂದರು. ಮೊದಲಿನಿಂದ ಇದ್ದ ಯಹೂದಿಗಳಿಗೂ ಹೊಸಬರಿಗೂ ಮೊದಮೊದಲು ಹೊಂದಾಣಿಕೆ ಇರಲಿಲ್ಲ. ಪ್ರಾರ್ಥನೆಯ ಕ್ರಮ ಬೇರೆ, ಮದುವೆಯ ಕಟ್ಟಳೆ ಬೇರೆ, ಮಾತೂ ಬೇರೆ. ಸ್ಪೇನಿನಲ್ಲಿ ಬಿಟ್ಟು ಬಂದ ಮನೆಯ ಬೀಗದ ಕೈಯನ್ನು ತಲೆಮಾರುಗಟ್ಟಲೆ ಜೋಪಾನ ಮಾಡಿದ ಕಥೆಗಳನ್ನು ಅವರ ಮೊಮ್ಮಕ್ಕಳು ಇವತ್ತಿಗೂ ಹೇಳುತ್ತಾರೆ.

ಎಸ್ಸಾವಿರಾದ ಬಗ್ಗೆ ಎರಡು ಮಾತು. ಅಟ್ಲಾಂಟಿಕ್ ದಂಡೆಯ ಊರು, ದಿನವಿಡೀ ಗಾಳಿ. ನೀಲಿ ದೋಣಿಗಳು ಒಂದಕ್ಕೊಂದು ತಾಗಿ ನಿಂತ ಅಲ್ಲಿನ ಬಂದರು ನೋಡಿದಾಗ ನನ್ನ ತಂಗಿ, ‘ಇದು ನಮ್ಮ ಧಕ್ಕೆಯೇ ಅಲ್ವಾ’ ಅಂದಳು. ಮೀನಿನ ವಾಸನೆ, ಬಲೆ ಹೆಣೆಯುವವರು, ಹರಾಜಿನ ಕೂಗು, ಎಲ್ಲ ಅದೇ. 1760ರ ದಶಕದಲ್ಲಿ ಸುಲ್ತಾನ ಮೂರನೇ ಮೊಹಮ್ಮದ್ ವಿದೇಶ ವ್ಯಾಪಾರಕ್ಕಾಗಿಯೇ ಈ ಊರು ಕಟ್ಟಿಸಿದ. ಯಹೂದಿ ವ್ಯಾಪಾರಿಗಳನ್ನು ಕರೆಸಿ ಮನೆ ಕೊಟ್ಟ, ಬಂಡವಾಳಕ್ಕೆ ಸಾಲ ಕೊಟ್ಟ. ಅವರಿಗೆ ‘ಸುಲ್ತಾನನ ವ್ಯಾಪಾರಿಗಳು’ ಅಂತಲೇ ಹೆಸರು. ಇವತ್ತು ಅಲ್ಲಿ ‘ಬೈತ್ ದಾಕಿರಾ’ ಇದೆ, ಅಂದರೆ ನೆನಪಿನ ಮನೆ. 2020ರಲ್ಲಿ ತೆರೆದದ್ದು. ಅಲ್ಲಿ ಹೀಬ್ರೂ ಸ್ವಾಗತ, ಅರಬಿ ಸ್ವಾಗತ ಎರಡನ್ನೂ ಅದಲು ಬದಲು ಮಾಡಿ ಬರೆದಿದ್ದಾರೆ: ‘ಶಾಲೋಮ್ ಅಲೈಕುಂ, ಸಲಾಂ ಲೆಕುಲಾಮ್’. ಒಬ್ಬರ ನಮಸ್ಕಾರದಲ್ಲಿ ಇನ್ನೊಬ್ಬರ ಶಬ್ದ.

ಇಷ್ಟೆಲ್ಲ ಇದ್ದೂ ಅವರು ಯಾಕೆ ಹೋದರು? ದಾರಿಯುದ್ದಕ್ಕೂ ನಾನು ಕೇಳಿದ ಪ್ರಶ್ನೆ ಇದು. 1948ರಲ್ಲಿ ಮೊರಾಕೊದಲ್ಲಿ ಸುಮಾರು ಎರಡೂವರೆ ಲಕ್ಷ ಯಹೂದಿಗಳಿದ್ದರು. ಈಗ ಎರಡು, ಮೂರು ಸಾವಿರ. ಟುನೀಸಿಯಾದಲ್ಲಿ ಒಂದು ಲಕ್ಷದಷ್ಟು ಇದ್ದವರು ಈಗ ಎರಡು ಸಾವಿರವೂ ಇಲ್ಲ. ಈಜಿಪ್ಟ್‌ನಲ್ಲಿ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಕಾರಣ ಒಂದೇ ಅಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧವಾಯಿತು. ಅದೇ ವರ್ಷ ಜೂನ್‌ನಲ್ಲಿ ಮೊರಾಕೊದ ಊಜ್ದಾ, ಜೆರಾದಾದಲ್ಲಿ ಗಲಭೆಯಾಗಿ ನಲವತ್ತಕ್ಕೂ ಜಾಸ್ತಿ ಯಹೂದಿಗಳು ಸತ್ತರು. 1956ರಲ್ಲಿ ಸೂಯೆಜ್ ಯುದ್ಧದ ನಂತರ ಈಜಿಪ್ಟ್ ಸಾವಿರಾರು ಜನರನ್ನು ಹೊರಗೆ ಹಾಕಿತು. ಒಂದು ಪೆಟ್ಟಿಗೆ, ಸ್ವಲ್ಪ ದುಡ್ಡು, ಅಷ್ಟೇ. ಅದೇ ವರ್ಷ ಮೊರಾಕೊ, ಟುನೀಸಿಯಾ ಸ್ವತಂತ್ರವಾದವು. ಫ್ರೆಂಚರು ಹೋದ ಮೇಲೆ ನಮ್ಮ ಗತಿ ಏನು ಅನ್ನುವ ಅಂಜಿಕೆ. 1967ರ ಯುದ್ಧ ಬಂತು. ಜೊತೆಗೆ ಬಡತನ, ಪುಣ್ಯಭೂಮಿಯ ಆಸೆ, ಆಗಲೇ ಹೋದ ಅಣ್ಣತಮ್ಮಂದಿರ ಕರೆ. ಓಡಿಸಿದವರೂ ಇದ್ದರು, ಕರೆದುಕೊಂಡು ಹೋದವರೂ ಇದ್ದರು, ಅತ್ತು ಕಳಿಸಿದವರೂ ಇದ್ದರು. ಯಾರಾದರೂ ಇದರಲ್ಲಿ ಒಂದನ್ನು ಮಾತ್ರ ಹೇಳಿದರೆ ನಾನು ಒಪ್ಪುವುದಿಲ್ಲ.

ಹೋಗದೆ ಉಳಿದವರನ್ನು ನೋಡಬೇಕು ಅಂದರೆ ಜೆರ್ಬಾಗೆ ಹೋಗಬೇಕು. ಟುನೀಸಿಯಾದ ದಕ್ಷಿಣದಲ್ಲಿ ಒಂದು ದ್ವೀಪ. ಚಪ್ಪಟೆ ನೆಲ, ಮರಳು ಮಣ್ಣು, ಬಿಡಿ ಬಿಡಿಯಾಗಿ ನಿಂತ ಮುದಿ ಆಲಿವ್ ಮರಗಳು. ಮಸೀದಿಗಳು ಕೂಡ ಗಿಡ್ಡ, ದುಂಡಗೆ, ಬಿಳಿ. ಕೆಲವಂತೂ ನೆಲದೊಳಗೇ ಇವೆ. ಇಲ್ಲಿ ಒಂದು ಸಾವಿರಕ್ಕೂ ಜಾಸ್ತಿ ಯಹೂದಿಗಳು ಇನ್ನೂ ಇದ್ದಾರೆ. ಮನೆಯಲ್ಲಿ ಅರಬಿ ಮಾತಾಡುತ್ತಾರೆ, ಹೀಬ್ರೂನಲ್ಲಿ ಪ್ರಾರ್ಥಿಸುತ್ತಾರೆ. ಹೂಮ್ತ್ ಸೂಕ್ ಪೇಟೆಯಲ್ಲಿ ಚಿನ್ನಬೆಳ್ಳಿ ಕೆಲಸದ ಅಂಗಡಿಗಳು ಅವರದ್ದು. ಅವರ ಕೇರಿಯಲ್ಲಿ ನಡೆಯುವಾಗ ಒಂದು ಕಿಟಕಿಯಿಂದ ಮಕ್ಕಳ ಗಟ್ಟಿ ದನಿ ಕೇಳಿತು. ಒಂದು ಸಾಲು ಮೇಷ್ಟ್ರು, ಅದೇ ಸಾಲು ಮಕ್ಕಳು. ನಾವು ಮಗ್ಗಿ ಹೇಳುತ್ತಿದ್ದ ಧಾಟಿಯೇ. ಫೆಸ್‌ನಲ್ಲಿ, ಮರಾಕೆಶ್‌ನಲ್ಲಿ ಬರೀ ಗೋಡೆ ನೋಡಿ ಬಂದವಳಿಗೆ ಆ ದನಿ ಕೇಳಿ ಕಣ್ಣು ತುಂಬಿತು. ಐದು ನಿಮಿಷ ಕಿಟಕಿಯ ಕೆಳಗೇ ನಿಂತಿದ್ದೆ.

ಅಲ್ಲಿನ ಗ್ರೀಬಾ ಸಿನಗಾಗ್‌ಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ತಲೆಗೆ ವಸ್ತ್ರ ಹಾಕಬೇಕು. ಚಾಪೆಯ ಮೇಲೆ ಬರಿಗಾಲಲ್ಲಿ ನಡೆದಾಗ ಪರದೇಶ ಅನ್ನಿಸಲೇ ಇಲ್ಲ. ನೀಲಿ ಕಂಬ, ನೀಲಿ ಕಮಾನು, ನೇತಾಡುವ ಎಣ್ಣೆ ದೀಪಗಳು. ಜೆರುಸಲೇಮಿನ ಮೊದಲ ದೇವಾಲಯ ನಾಶವಾದಾಗ ತಪ್ಪಿಸಿಕೊಂಡು ಬಂದವರು ಅಲ್ಲಿನ ಒಂದು ಕಲ್ಲು ತಂದು ಇಲ್ಲಿ ಇಟ್ಟರು ಅನ್ನುವುದು ಐತಿಹ್ಯ. ‘ಗ್ರೀಬಾ’ ಅಂದರೆ ಪರಊರಿನವಳು. ಊರ ಹೊರಗೆ ಒಂಟಿಯಾಗಿದ್ದ ಯಾರೋ ಒಬ್ಬ ಹುಡುಗಿಯ ಗುಡಿಸಲು ಸುಟ್ಟುಹೋಯಿತಂತೆ. ಅವಳ ಮೈಗೆ ಮಾತ್ರ ಬೆಂಕಿ ತಾಗಿರಲಿಲ್ಲವಂತೆ. ಬದುಕಿದ್ದಾಗ ಯಾರೂ ಮಾತಾಡಿಸದ ಹುಡುಗಿಗೆ ಆಮೇಲೆ ದೇವರ ಮನೆ ಕಟ್ಟಿದರು. ಇಂಥ ಕಥೆ ನಮ್ಮ ತುಳುನಾಡಿನ ಸಿರಿ, ಪಾಡ್ದನ ಕೇಳಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ.

ಪಾಸ್ಕ ಹಬ್ಬದ ಎರಡನೇ ದಿನದಿಂದ ಎಣಿಸಿ 33ನೇ ದಿನ ಅಲ್ಲಿ ಜಾತ್ರೆ. ಮದುವೆಯಾಗಬೇಕಾದ ಮಗಳ ಹೆಸರನ್ನು ಕೋಳಿ ಮೊಟ್ಟೆಯ ಮೇಲೆ ಬರೆದು, ಒಳಗಿನ ಸಣ್ಣ ಗವಿಯಲ್ಲಿ ಇಟ್ಟು ಬರುತ್ತಾರೆ. ಮಕ್ಕಳಾಗಬೇಕು, ಕಾಯಿಲೆ ವಾಸಿಯಾಗಬೇಕು ಅನ್ನುವವರೂ ಹಾಗೆಯೇ. ಮುಸ್ಲಿಂ ಹೆಂಗಸರೂ ಇಡುತ್ತಾರೆ. ನಾವು ಹೋದದ್ದು ಜಾತ್ರೆಯ ಕಾಲವಲ್ಲ. ಆದರೂ ಗವಿಯ ಬಾಯಲ್ಲಿ ಎರಡು ಮೊಟ್ಟೆ ಇದ್ದವು. ಒಂದರ ಮೇಲೆ ನೀಲಿ ಪೆನ್ನಿನಲ್ಲಿ ಏನೋ ಬರೆದಿತ್ತು. ಅಕ್ಷರ ನನಗೆ ಓದಲು ಬರಲಿಲ್ಲ. ತಾಯಿಯ ಕೈಬರಹ ಅಂತ ಮಾತ್ರ ಅನ್ನಿಸಿತು.

ಅದೇ ಜಾಗದಲ್ಲಿ 2002ರ ಏಪ್ರಿಲ್ 11ರಂದು ಅಲ್ ಕೈದಾದವರು ಲಾರಿ ಸ್ಫೋಟಿಸಿ 21 ಜನರನ್ನು ಕೊಂದರು. 2023ರ ಮೇ 9ರಂದು, ಜಾತ್ರೆಯ ದಿನವೇ, ಟುನೀಸಿಯಾದ ಕಾವಲು ಪಡೆಯವನೇ ಒಬ್ಬ ಗುಂಡು ಹಾರಿಸಿ ಐದು ಜನರನ್ನು ಕೊಂದ. ಸತ್ತವರಲ್ಲಿ ಯಹೂದಿ ಯಾತ್ರಿಕರೂ ಇದ್ದರು, ಅವರನ್ನು ಕಾಯುತ್ತಿದ್ದ ಮುಸ್ಲಿಂ ಕಾವಲಿನವರೂ ಇದ್ದರು. ಈಗ ಒಳಗೆ ಹೋಗಬೇಕಾದರೆ ಪಾಸ್‌ಪೋರ್ಟ್ ತೋರಿಸಬೇಕು, ಚೀಲ ಬಿಚ್ಚಬೇಕು. ಬಂದೂಕು ಹಿಡಿದ ಪೊಲೀಸ್ ಹುಡುಗ ನನ್ನ ತಂಗಿಯ ಚೀಲದಲ್ಲಿದ್ದ ಚಕ್ಕುಲಿ ಡಬ್ಬಿ ತೆರೆದು ನೋಡಿದ. ಅವಳು ಒಂದು ಕೊಟ್ಟಳು. ತಿಂದು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ.

ಈಗ ನಮ್ಮ ವ್ಯಾಪಾರಿಯ ಕಥೆಗೆ ಬರುತ್ತೇನೆ.

ಟುನೀಸಿಯಾದ ಪೂರ್ವ ದಂಡೆಯಲ್ಲಿ ಮಹ್ದಿಯಾ ಅನ್ನುವ ಊರಿದೆ. ಸಮುದ್ರದೊಳಗೆ ಬೆರಳು ಚಾಚಿದ ಹಾಗೆ ಒಂದು ತುಂಡು ನೆಲ. ಹತ್ತನೇ ಶತಮಾನದಲ್ಲಿ ಫಾತಿಮಿ ದೊರೆಗಳು ಕಟ್ಟಿದ ರಾಜಧಾನಿ. ಊರಿಗೆ ಒಂದೇ ಹೆಬ್ಬಾಗಿಲು, ಸ್ಕೀಫಾ ಅಲ್ ಕಹ್ಲಾ, ಅಂದರೆ ಕತ್ತಲೆ ಪಡಸಾಲೆ. ಆ ಉದ್ದ ಕತ್ತಲೆ ದಾಟಿ ಹೊರಬಂದರೆ ಬಿಸಿಲು, ರೇಷ್ಮೆ ನೇಯುವ ಮಗ್ಗದ ಸದ್ದು. ಕಡೆಗೆ ನೆಲದ ತುದಿ. ಅಲ್ಲಿ ಬಂಡೆ ಕೊರೆದು ಮಾಡಿದ ಹಳೆ ಬಂದರು. ಪಕ್ಕದಲ್ಲಿ ಸ್ಮಶಾನ. ಬಿಳಿ ಗೋರಿಗಳು ಇಳಿಜಾರಿನಲ್ಲಿ ಇಳಿಯುತ್ತ ಇಳಿಯುತ್ತ ನೀರಿನ ಹತ್ತಿರಕ್ಕೇ ಹೋಗಿವೆ.

ಅಬ್ರಹಾಂ ಬೆನ್ ಯಿಜು ಈ ಊರಿನ ಯಹೂದಿ. ಯೆಮೆನ್ ದೇಶದ ಬಂದರು ಏಡನ್‌ಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಯಾಗಿದ್ದ. ಆಗ ಇಲ್ಲಿ ಆಳುಪರ ಆಳ್ವಿಕೆ. ಬೆನ್ ಯಿಜು ಇಲ್ಲಿಂದ ಕರಿಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಏಡನ್‌ನಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು, ಜೊತೆಗೆ ಕಾಗದ. ನಮ್ಮಲ್ಲಿ ಆಗ ಓಲೆಗರಿಯಲ್ಲಿ ಬರೆಯುತ್ತಿದ್ದೆವಲ್ಲ, ಅವನಿಗೆ ಕಾಗದವೇ ಬೇಕಿತ್ತು. ಇಲ್ಲಿ ಅವನದೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್‌ನವರು ಒಡೆದ ಹಳೆ ಪಾತ್ರೆ ಕಳಿಸಿ, ಕರಗಿಸಿ ಹೊಸದು ಮಾಡಿಕೊಡಿ ಅನ್ನುತ್ತಿದ್ದರು. ಒಂದು ಕಾಗದದಲ್ಲಿ ದೀಪದ ಬೇಡಿಕೆ ಇದೆ. ಕಂಬ ಎಂಟು ಮೂಲೆಯದ್ದಾಗಿರಲಿ, ದಪ್ಪಗಿರಲಿ, ಕಾಲು ಗಟ್ಟಿಯಾಗಿರಲಿ ಅಂತ ಬರೆದಿದ್ದಾರೆ. ನಮ್ಮ ಮನೆಗಳ ಕಾಲುದೀಪ ಕಣ್ಣ ಮುಂದೆ ಬಂತು ನನಗೆ. ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡದೆ ಸತಾಯಿಸಿದವನ ಮೇಲಿನ ದೂರು ಕೂಡ ಕಾಗದಗಳಲ್ಲಿ ಇದೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಆಳಿನ ಹೆಸರು ಬೊಮ್ಮ. ಅಪ್ಪಟ ನಮ್ಮ ಊರಿನ ಹೆಸರು ಅಲ್ವಾ?

ಅವನು ಬಾಳಿದ್ದು ಇಲ್ಲಿನ ಹೆಂಗಸಿನ ಜೊತೆ. ಹೆಸರು ಅಶು. ಅವಳು ಅವನ ದಾಸಿಯಾಗಿದ್ದಳು. 1132ರ ಅಕ್ಟೋಬರ್ 17ರಂದು, ಇದೇ ಮಂಗಳೂರಿನಲ್ಲಿ, ಅವಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಬರೆದ. ಅದರಲ್ಲಿ ಅವಳಿಗೆ ಬೆರಾಖಾ ಅಂತ ಹೊಸ ಹೆಸರು. ಆಶೀರ್ವಾದ ಅಂತ ಅರ್ಥ. ಆ ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ನಮ್ಮ ಊರಿನ ಒಬ್ಬ ಸಾಮಾನ್ಯ ಹೆಣ್ಣುಮಗಳ ಹೆಸರು, ಒಂಬೈನೂರು ವರ್ಷದ ಹಿಂದಿನದು, ತಾರೀಖು ಸಮೇತ! ರಾಣಿಯರ ಹೆಸರು ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಇಂಥದ್ದು ಇನ್ನೆಲ್ಲಿ ಸಿಗುತ್ತದೆ ಹೇಳಿ.

1148ರಲ್ಲಿ ಸಿಸಿಲಿಯ ನಾರ್ಮನ್ ರಾಜ ಮಹ್ದಿಯಾವನ್ನು ಹಿಡಿದ. ಬೆನ್ ಯಿಜುವಿನ ಅಣ್ಣತಮ್ಮಂದಿರು ದಿಕ್ಕಾಪಾಲಾದರು. ಮರು ವರ್ಷ ಅವನು ಮಂಗಳೂರು ಬಿಟ್ಟು ಏಡನ್‌ಗೆ ಹೋಗಿ, ಒಡಹುಟ್ಟಿದವನಿಗೆ ಕಾಗದ ಬರೆದ. ನಮಗೆಲ್ಲ ಬದುಕುವಷ್ಟು ನನ್ನ ಹತ್ತಿರ ಇದೆ, ಬನ್ನಿ, ನನ್ನ ಮಗಳನ್ನು ನಮ್ಮ ಮನೆತನದ ಹುಡುಗನಿಗೇ ಕೊಡುತ್ತೇನೆ ಅನ್ನುವುದು ಅದರ ಸಾರ. ಮಗಳ ಮದುವೆ 1156ರಲ್ಲಿ ಅವಳ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೇ ಒಬ್ಬನ ಜೊತೆ ಈಜಿಪ್ಟ್‌ನಲ್ಲಿ ಆಯಿತು. ಆ ಮದುವೆಯ ಸುದ್ದಿಯಲ್ಲಿ ಅಶುವಿನ ಹೆಸರು ಬರುವುದಿಲ್ಲ.

ಮಹ್ದಿಯಾದ ಆ ಹಳೆ ಬಂದರಿನ ಕಲ್ಲಿನ ಮೇಲೆ ನಾನು ಸುಮ್ನೆ ಕುಳಿತಿದ್ದೆ. ನೀರು ತಿಳಿಯಾಗಿತ್ತು, ಅಲೆ ಜಾಸ್ತಿ ಇರಲಿಲ್ಲ. ನಮ್ಮ ಸಮುದ್ರದ ಅಬ್ಬರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆಷಾಢದಲ್ಲಿ ಉಳ್ಳಾಲದ ಅಲೆ ಮೊದಲ ಸಲ ನೋಡಿದಾಗ ಈ ಊರಿನ ಹುಡುಗನಿಗೆ ಹೇಗಾಗಿರಬೇಡ!

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ಅದಕ್ಕೆ ಕೈರೋಗೆ ಹೋಗಬೇಕು. ಹಳೆ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಸಿನಗಾಗ್ ಇದೆ. ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಚರ್ಚುಗಳ ಮಗ್ಗುಲಲ್ಲೇ, ತಗ್ಗಿನ ಓಣಿಯಲ್ಲಿ. ರಿಪೇರಿ ಮುಗಿದು 2023ರಲ್ಲಿ ಮತ್ತೆ ತೆರೆದಿದ್ದಾರೆ. ಯಹೂದಿಗಳಲ್ಲಿ ಒಂದು ಪದ್ಧತಿ. ದೇವರ ಹೆಸರು ಬರೆದ ಕಾಗದವನ್ನು ಬಿಸಾಡಬಾರದು, ಸುಡಬಾರದು. ನಾವು ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದೇ ಭಾವನೆ. ವ್ಯಾಪಾರದ ಕಾಗದದ ತಲೆಯಲ್ಲೂ ದೇವರ ಹೆಸರು ಇರುತ್ತಿತ್ತು. ಹಾಗಾಗಿ ಹಳೆ ಲೆಕ್ಕ, ಮದುವೆ ಕರಾರು, ಮಗುವಿನ ಅಕ್ಷರಾಭ್ಯಾಸದ ಹಾಳೆ, ಸಾಲದ ಚೀಟಿ, ಎಲ್ಲವನ್ನೂ ಒಂದು ಕೋಣೆಗೆ ಹಾಕುತ್ತಿದ್ದರು. ಆ ಕೋಣೆಗೆ ಬಾಗಿಲಿಲ್ಲ. ಗೋಡೆಯ ಎತ್ತರದಲ್ಲಿ ಒಂದು ಕಿಂಡಿ, ಅಷ್ಟೇ. ಅದಕ್ಕೆ ಗೆನೀಜಾ ಅನ್ನುತ್ತಾರೆ. ಮಳೆ ಇಲ್ಲದ ಊರು, ಹಾಗಾಗಿ ಕಾಗದ ಕೊಳೆಯಲಿಲ್ಲ. ನಮ್ಮ ಕರಾವಳಿಯಲ್ಲಿ ಇಟ್ಟಿದ್ದರೆ ಎರಡೇ ಮಳೆಗಾಲಕ್ಕೆ ಗೆದ್ದಲಿಗೆ ಆಹಾರವಾಗುತ್ತಿತ್ತು.

1896ರ ಕೊನೆಗೆ ಕೇಂಬ್ರಿಜ್‌ನ ವಿದ್ವಾಂಸ ಸಾಲಮನ್ ಶೆಖ್ಟರ್ ಅಲ್ಲಿಗೆ ಹೋಗಿ, ಧೂಳು ಕುಡಿಯುತ್ತ, ಸುಮಾರು 1,93,000 ತುಂಡುಗಳನ್ನು ಇಂಗ್ಲೆಂಡಿಗೆ ತಂದರು. ಉಳಿದವು ಬೇರೆ ಬೇರೆ ಕಡೆ ಚದುರಿಹೋದವು. ಅವುಗಳಲ್ಲೆಲ್ಲ ಹುಡುಕಿ ಭಾರತದ ವ್ಯಾಪಾರದ ಕಾಗದಗಳನ್ನು ಒಂದೊಂದಾಗಿ ಜೋಡಿಸಿದವರು ಎಸ್. ಡಿ. ಗೊಯ್ಟೈನ್ ಅನ್ನುವ ವಿದ್ವಾಂಸ. ಮಹ್ದಿಯಾದ ಮನುಷ್ಯ, ಮಂಗಳೂರಿನ ಅಶು, ಬೊಮ್ಮ, ಎಲ್ಲರೂ ಬಾಗಿಲಿಲ್ಲದ ಆ ಕೋಣೆಯಿಂದ ಹೊರಗೆ ಬಂದವರು. ಫೆಸ್‌ನಲ್ಲಿ ಐದಾರು ವರ್ಷ ಇದ್ದು ಆಮೇಲೆ ಫುಸ್ತಾತ್‌ಗೆ ಬಂದ ದೊಡ್ಡ ವಿದ್ವಾಂಸ, ವೈದ್ಯ ಮೈಮೋನಿಡಿಸ್‌ನ ಕೈಬರಹವೂ ಅಲ್ಲಿ ಸಿಕ್ಕಿತು. ಅವನ ತಮ್ಮ ದಾವೀದ್ ಭಾರತದ ವ್ಯಾಪಾರಕ್ಕೆ ಹೊರಟು ನಮ್ಮ ಈ ಸಮುದ್ರದಲ್ಲೇ ಮುಳುಗಿದ. ಆ ಸುದ್ದಿ ಕೇಳಿ ಒಂದು ವರ್ಷ ಹಾಸಿಗೆ ಹಿಡಿದೆ ಅಂತ ಅಣ್ಣ ಬರೆದಿದ್ದಾನೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಆ ಕಾಗದಗಳನ್ನು ನಾವೂ ನೋಡಬಹುದಾ ಟೀಚರ್?’

ನೋಡಬಹುದು. ಕೇಂಬ್ರಿಜ್‌ನವರು ತಮ್ಮಲ್ಲಿರುವುದನ್ನು ಫೋಟೋ ತೆಗೆದು ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಬೆನ್ ಯಿಜು ಅಂತ ಹುಡುಕಿ. ಭಾಷೆ ಅರಬಿ, ಅಕ್ಷರ ಹೀಬ್ರೂ. ನಮ್ಮೂರಲ್ಲಿ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇವಲ್ಲ, ಹಾಗೆ. ಒಂದಕ್ಷರ ಓದಲು ಬರದಿದ್ದರೂ ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ಹಾಳೆ ತುಂಬಿದ ಮೇಲೂ ಹೇಳುವುದು ಮುಗಿದಿಲ್ಲ. ಕಾಗದ ತಿರುಗಿಸಿ, ಅಂಚಿನಲ್ಲಿ ಅಡ್ಡಡ್ಡ, ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಮುಂಬೈಯಲ್ಲಿದ್ದ ನನ್ನ ಅಪ್ಪ ಇನ್‌ಲ್ಯಾಂಡ್ ಲೆಟರ್‌ನ ಮಡಚುವ ಅಂಚಿನಲ್ಲಿ, ಅಮ್ಮನಿಗೆ ಅಂತ, ಹೀಗೆಯೇ ಬರೆಯುತ್ತಿದ್ದರು.